ಹದಿನೇಳನೆಯ ಕಂಬ

ಬಸಳೆಕುರ್ವೆಗೆ ಸಿಮೆಂಟಿನ ಸೇತುವೆಯಾಗಿ ಒಂದು ವರ್ಷ ತುಂಬಿದ ದಿನ, ಅಲ್ಲಿನ ಶಾಲೆಯ ಜಗಲಿಯಲ್ಲಿ ಕುಳಿತ ಮಕ್ಕಳಿಗೆ ಹೇಳಿದ ಕಥೆಯಿದು. ನೀರು ಇಳಿದ ಹೊತ್ತಿನಲ್ಲಿ ಹೊಸ ಸೇತುವೆಯ ಬದಿಗೆ ಕೆಸರಿನಿಂದ ತಲೆಯೆತ್ತುವ ಕರಿಯ ಮರದ ಮೋಟುಗಳು ಏನೆಂದು ಮಕ್ಕಳು ಕೇಳಿದ್ದರು. ಕೇಳಿದವರಿಗೆ ಹೇಳದಿರುವುದು ತರವಲ್ಲ. ಆದುದರಿಂದ ಕಥೆ ಕಠಿನವಾದರೂ ಹೇಳಬೇಕಾಯಿತು.

ನದಿಯು ಕಡಲನ್ನು ಕೂಡುವಲ್ಲಿ, ನೀರಿನ ನಡುವೆ ಎದ್ದ ನೆಲವನ್ನು ಆ ಸೀಮೆಯವರು ಕುರ್ವೆ ಎನ್ನುತ್ತಾರೆ. ಬಸಳೆಕುರ್ವೆಯಲ್ಲಿ ಹಿಂದೆ ನಲವತ್ತು ಮನೆಗಳಿದ್ದವು. ಆಚೆಯ ದಡಕ್ಕೆ ದೋಣಿಯೊಂದೇ ದಾರಿ. ಒಂದು ಮಳೆಗಾಲದಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಹೆಣ್ಣೊಬ್ಬಳು ನೆರೆಯನ್ನು ದಾಟಲಾರದೆ ದಂಡೆಯಲ್ಲೇ ಪ್ರಾಣ ಬಿಟ್ಟಳು. ಆ ವರ್ಷ ಊರವರು ಕೂಡಿ ಮರದ ಸೇತುವೆ ಕಟ್ಟಿದರು. ಮನೆಗೊಂದರಂತೆ ನಲವತ್ತು ಕಂಬ ನೆಟ್ಟರು. “ಸೇತುವೆ ಊರದ್ದು ಎಂದು ಬಿಟ್ಟರೆ ಅದು ಯಾರದೂ ಅಲ್ಲದಾಗುತ್ತದೆ. ಸೇತುವೆ ಊರದ್ದಿರಲಿ, ಕಂಬ ಮನೆಯದಾಗಲಿ” ಎಂದು ಅಂದಿನ ಹಿರಿಯರು ಕಟ್ಟಳೆ ಮಾಡಿದರು.

ಉಪ್ಪುನೀರಿನಲ್ಲಿ ಮರ ತಿನ್ನುವ ಹುಳುವೊಂದುಂಟು. ಅದು ಹೊರಮೈಯನ್ನು ಕೆಡಿಸದೆ ಒಳಗಿನ ತಿರುಳನ್ನೆಲ್ಲ ತಿಂದುಬಿಡುತ್ತದೆ. ಆ ಕೇಡು ಕಣ್ಣಿಗೆ ಕಾಣದು, ಕಿವಿಗೆ ಮಾತ್ರ ಕೇಳುತ್ತದೆ. ಆದುದರಿಂದ ವರ್ಷಕ್ಕೊಮ್ಮೆ, ಮಾಘದ ಅಮಾವಾಸ್ಯೆಯಂದು ನೀರು ತೀರ ಇಳಿದಾಗ, ಊರೆಲ್ಲ ನೋಡುತ್ತಿರಲು ಒಬ್ಬನು ಕೆಸರಿಗಿಳಿದು ಕಂಬ ಕಂಬಕ್ಕೂ ಕೊಡತಿಯಿಂದ ಮೂರು ಪೆಟ್ಟು ಹಾಕಿ ಕಿವಿಯಿಟ್ಟು ಕೇಳುವನು. ಗಟ್ಟಿಯಾದರೆ ಮುಂದಕ್ಕೆ ನಡೆಯುವನು. ಪೊಳ್ಳಾದರೆ ತೆಂಗಿನ ಗರಿಯೊಂದನ್ನು ಕಟ್ಟುವನು. ಗರಿ ಕಟ್ಟಿಸಿಕೊಂಡ ಮನೆಯವರು ಮತ್ತಿಯ ಮರ ತಂದು, ಮಳೆಗಾಲವಿಡೀ ಕೆಸರಿನಲ್ಲಿ ಹುಗಿದು ಹದಮಾಡಿ ಹೊಸ ಕಂಬ ನೆಡುವ ತನಕ ಊರಿಗೆಲ್ಲ ದೋಣಿಯೇ ಗತಿ. ಆ ಮನೆಯಲ್ಲಿ ಮಂಗಳಕಾರ್ಯವೂ ಕೂಡದು.

ಕೊಡತಿ ಇಪ್ಪತ್ತು ವರ್ಷದಿಂದ ಜಟ್ಟಪ್ಪನ ಕೈಯಲ್ಲಿತ್ತು. ಆತನ ಕಿವಿ ತಪ್ಪಿದ್ದಿಲ್ಲ. ಒಡಹುಟ್ಟಿದ ಅಣ್ಣನ ಕಂಬಕ್ಕೂ ಗರಿ ಕಟ್ಟಿದ್ದವನು ಆತ. ಆತನಿಗೆ ಮಾದೇವಿಯೆಂಬ ಒಬ್ಬಳೇ ಮಗಳು, ತಾಯಿಯಿಲ್ಲದವಳು. ಎರಡು ಸಲ ಸಂಬಂಧ ಕುದುರಿ, ಲಗ್ನ ಮುಂದಕ್ಕೆ ಹೋಗಿ, ಆಮೇಲೆ ಮುರಿದೇಹೋಗಿತ್ತು. ಮೂರನೆಯದು ಅದೇ ಊರಿನ ಮಾಸ್ತಪ್ಪನ ಮನೆಯದು. ವರ ತಿಮ್ಮಣ್ಣ. ಫಾಲ್ಗುಣದಲ್ಲಿ ಮುಹೂರ್ತ. ಮಾಸ್ತಪ್ಪನ ಮನೆಯ ಕಂಬ ಹದಿನೇಳನೆಯದು, ನಡುಹೊಳೆಯದು.

ಅಮಾವಾಸ್ಯೆಯ ಇಳಿಹೊತ್ತಿನಲ್ಲಿ ಜಟ್ಟಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ಹದಿನೇಳನೆಯ ಕಂಬಕ್ಕೆ ಹೊಡೆದ. ಮೊದಲ ಪೆಟ್ಟಿಗೇ ತಿಳಿಯಿತು. ಬರಿದಾದ ಮಡಕೆಯ ಸದ್ದು. ಎರಡನೆಯ ಪೆಟ್ಟನ್ನು ಮೆಲ್ಲಗೆ ಹಾಕಿದ, ಸದ್ದು ಬದಲಾದೀತೇನೋ ಎಂಬಂತೆ. ಮೂರನೆಯದನ್ನು ಹಾಕಿ, ಕಂಬಕ್ಕೆ ಕೆನ್ನೆಯಿಟ್ಟು ನಿಂತೇ ಇದ್ದ.

ಸೇತುವೆಯ ಮೇಲಿಂದ ಮಾಸ್ತಪ್ಪ ಬಗ್ಗಿ ಕೇಳಿದ: “ಎಂತ ಬೀಗರೇ, ನಮ್ಮ ಕಂಬ ನಿಮಗೆ ಹರಿಕಥೆ ಹೇಳುತ್ತಾ ಉಂಟೋ?”

ಜನ ನಕ್ಕರು. ಗರಿ ಜಟ್ಟಪ್ಪನ ತಲೆಯ ಮುಂಡಾಸಿನಲ್ಲಿ ಸಿಕ್ಕಿಸಿಯೇ ಇತ್ತು. ಅದನ್ನು ಕಟ್ಟಿದರೆ ಲಗ್ನ ಒಂದು ವರ್ಷ ಮುಂದಕ್ಕೆ. ಮುಂದಕ್ಕೆ ಹೋದ ಲಗ್ನವು ಮಾದೇವಿಯ ಪಾಲಿಗೆ ಮರಳಿ ಬಂದದ್ದೇ ಇಲ್ಲ. ‘ಇನ್ನು ಹದಿನೈದು ದಿನ ತಾನೆ? ಲಗ್ನದ ಮರುದಿನವೇ ಹೇಳಿಬಿಡುತ್ತೇನೆ’ ಎಂದು ಆತ ತನಗೆ ತಾನೇ ಮಾತು ಕೊಟ್ಟುಕೊಂಡ.

“ಗಟ್ಟಿ” ಎಂದ. ಮುಂದಿನ ಕಂಬಕ್ಕೆ ನಡೆದ.

ಯಾರೂ ಎರಡನೆಯ ಸಲ ಕೇಳಲಿಲ್ಲ. ಇಪ್ಪತ್ತು ವರ್ಷದ ಸತ್ಯವು ಆ ಒಂದು ಸುಳ್ಳಿಗೆ ಜಾಮೀನು ನಿಂತಿತು.

ಲಗ್ನವು ಆಚೆಯ ದಡದ ದೇವಸ್ಥಾನದಲ್ಲಿ ನಡೆಯಿತು. ಬೆಳಿಗ್ಗೆ ಜನ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸೇತುವೆ ದಾಟಿ ಬಂದಿದ್ದರು. ಊಟವಾದ ಮೇಲೆ ದಿಬ್ಬಣ ಒಟ್ಟಾಗಿ ಹೊರಟಿತು. ಆಗ ಜಟ್ಟಪ್ಪ ದೋಣಿಯೊಂದನ್ನು ತಂದು ನಿಲ್ಲಿಸಿ, ಮದುಮಕ್ಕಳು ಅದರಲ್ಲಿ ಬರಲಿ ಎಂದ.

“ಅದೆಂತಕ್ಕೆ?” ಎಂದ ಮಾಸ್ತಪ್ಪ.

“ನಮ್ಮ ಮನೆಯ ಹೆಣ್ಣು ನೀರಿನ ಮೇಲೆ ಬಂದು ಮನೆ ತುಂಬಿದರೆ ಒಳ್ಳೆಯದು. ಹಿಂದಿನಿಂದ ಬಂದದ್ದು.”

“ಕಂಬಕ್ಕೆ ಕಿವಿ ಕೊಡುವವರಿಗೇ ಸೇತುವೆಯ ಮೇಲೆ ನಂಬಿಕೆ ಇಲ್ಲವೋ ಬೀಗರೇ?” ಎಂದು ಮಾಸ್ತಪ್ಪ ನಕ್ಕ. ಜಟ್ಟಪ್ಪನೂ ನಕ್ಕ.

ತಿಮ್ಮಣ್ಣ ದೋಣಿ ಹತ್ತಲಿಲ್ಲ. “ಸೇತುವೆ ಇರುವಾಗ ಮದುಮಗ ದೋಣಿಯಲ್ಲಿ ಕೂತು ಬಂದ ಅಂತ ನಾಳೆಯಿಂದ ನನ್ನನ್ನು ಬಿಟ್ಟಾರಾ ಮಾವ? ಮಗಳನ್ನು ನೀವು ಕರೆದು ತನ್ನಿ. ಯಾರು ಮೊದಲು ಮುಟ್ಟುತ್ತಾರೆ, ನೋಡುವ” ಎಂದು ವಾದ್ಯದವರ ಹಿಂದೆ ನಡೆದ. ಅವನನ್ನು ತಡೆಯಲು ಒಂದು ಮಾತು ಸಾಕಿತ್ತು. ಜಟ್ಟಪ್ಪ ಮಗಳನ್ನು ದೋಣಿಗೆ ಹತ್ತಿಸಿ ಹುಟ್ಟು ಹಾಕತೊಡಗಿದ.

ನಡುಹೊಳೆಯಲ್ಲಿ ಆತ ತಲೆಯೆತ್ತಿ ನೋಡಿದ. ದಿಬ್ಬಣ ಹನ್ನೆರಡನೆಯ ಕಂಬ ದಾಟಿತು. ಹದಿನಾಲ್ಕು. ಹದಿನೈದು. ಆತ ಬಾಯಿ ತೆರೆದ. ಕೂಗಿದರೆ ಏಕೆಂದು ಹೇಳಬೇಕಾಗುತ್ತಿತ್ತು. ತೆರೆದ ಬಾಯಿ ಹಾಗೆಯೇ ಉಳಿಯಿತು.

ಕಂಬ ದೊಡ್ಡ ಸದ್ದು ಮಾಡಲಿಲ್ಲ. ಒಣಗಿದ ಕಬ್ಬಿನ ಜಲ್ಲೆಯಂತೆ ಮುರಿಯಿತು. ಹಲಗೆಗಳು ಒಂದು ಮಗ್ಗುಲಿಗೆ ವಾಲಿದವು. ಜನ ಜನದ ಮೇಲೆ ಬಿದ್ದರು. ನೀರು ಕಡಲಿನ ಕಡೆಗೆ ಇಳಿಯುವ ಹೊತ್ತು. ಬಿದ್ದವರನ್ನು ಸೆಳೆದುಕೊಂಡು ಹೋಯಿತು. ಜಟ್ಟಪ್ಪ ಕೈಗೆ ಸಿಕ್ಕಿದ ನಾಲ್ವರನ್ನು ದೋಣಿಗೆ ಎಳೆದುಕೊಂಡ. ಒಂಬತ್ತು ಜನ ಸತ್ತರು. ಅವರಲ್ಲಿ ತಿಮ್ಮಣ್ಣನೂ ಒಬ್ಬ.

ಹೆಣಗಳನ್ನು ದಂಡೆಯಲ್ಲಿ ಸಾಲಾಗಿ ಮಲಗಿಸಿದಾಗ ಮಾದೇವಿ ಅಳುತ್ತಿರಲಿಲ್ಲ. ಅವಳು ತಂದೆಯ ಕಡೆಗೆ ತಿರುಗಿ ಎಲ್ಲರಿಗೂ ಕೇಳುವಂತೆ ಕೇಳಿದಳು:

“ಅಪ್ಪಾ, ನನ್ನನ್ನು ಎಂತಕ್ಕೆ ದೋಣಿಗೆ ಹತ್ತಿಸಿದೆ?”

ಉತ್ತರವು ಆ ಕ್ಷಣವೇ ಊರಿಗೆಲ್ಲ ತಿಳಿಯಿತು.

ಮಾಸ್ತಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹನ್ನೆರಡು ದಿನ ಕಳೆದ ಮೇಲೆ ಮುರಿದ ಕಂಬದ ತುಂಡೊಂದನ್ನು ಹೊತ್ತು ತಂದು ಜಟ್ಟಪ್ಪನ ಅಂಗಳದಲ್ಲಿಟ್ಟು ಹೋದ. ಅದರೊಳಗೆ ಕೈ ಹಾಕಿದರೆ ಮೊಣಕೈಯವರೆಗೂ ಹೋಗುತ್ತಿತ್ತು. ಮಾದೇವಿ ತಂದೆಗೆ ಅನ್ನ ಬಡಿಸುವುದನ್ನು ಬಿಡಲಿಲ್ಲ, ಮಾತನ್ನು ಬಿಟ್ಟಳು. ಊರವರು ಉಳಿದ ಕಂಬಗಳನ್ನೂ ನಂಬದಾದರು. ಯಾವುದು ಗಟ್ಟಿಯೆಂದು ಹೇಳಬಲ್ಲ ಕಿವಿ ಒಂದೇ ಇತ್ತು, ಅದರ ಮಾತು ಇನ್ನು ಯಾರಿಗೂ ಬೇಡವಾಗಿತ್ತು. ಹಲಗೆಗಳನ್ನು ಕಿತ್ತು ಒಲೆಗೆ ಹಾಕಿದರು. ಅಲ್ಲಿಂದ ಮುಂದೆ ಐವತ್ತೊಂದು ವರ್ಷ ಬಸಳೆಕುರ್ವೆಯವರು ದೋಣಿಯಲ್ಲೇ ಹೊಳೆ ದಾಟಿದರು.

ನೀತಿ: ಊರಿನ ಪರವಾಗಿ ಕೇಳುವ ಕಿವಿ ತನ್ನವರಿಗಾಗಿ ಕಿವುಡಾಗಬಾರದು. ಅಪಾಯವನ್ನು ಅರಿತು ತನ್ನ ಮಗುವನ್ನು ಮಾತ್ರ ಬದಿಗೆ ಸರಿಸಿದವನು, ಉಳಿದವರನ್ನು ತನ್ನ ಕೈಯಾರೆ ನೂಕಿದಂತೆಯೇ ಸರಿ.