ಬಿದಿಗೆಯ ಗಂಜಿ

ಊರಾಚೆಯ ಗುಡ್ಡದ ಮೇಲೊಂದು ಕಲ್ಲುಮಂಟಪ, ಅದಕ್ಕೆ ಒರಗಿಸಿ ಕಟ್ಟಿದ ತಗಡಿನ ಚಪ್ಪರ. ಪೂಜ್ಯ ನಿರ್ವಾಣಯ್ಯನವರ ಮಠವೆಂದರೆ ಅಷ್ಟೇ. ಜನ ಅವರನ್ನು ಗುಡ್ಡದ ಅಪ್ಪನವರೆಂದು ಕರೆಯುತ್ತಿದ್ದರು. ಆ ವರ್ಷ ಹೊಳೆ ಉಕ್ಕಿ ನೇಕಾರರ ಓಣಿಗೆ ನುಗ್ಗಿತು. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗಗಳವು. ಕುಣಿಗಳಲ್ಲಿ ಕೆಸರು ತುಂಬಿತು. ಅವು ಒಣಗುವ ತನಕ ಲಾಳಿ ಆಡುವಂತಿರಲಿಲ್ಲ, ದುಡಿಮೆಯೂ ಇರಲಿಲ್ಲ. ಆ ಸಂಸಾರಗಳೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಗುಡ್ಡ ಹತ್ತಿದವು. ಅಪ್ಪನವರು ತಮಗಿದ್ದ ಒಂದೇ ಕಂಬಳಿಯನ್ನು ಅವರಲ್ಲಿದ್ದ ಬಾಣಂತಿಗೆ ಹೊದಿಸಿ, ಮಂಟಪವನ್ನು ಅವರಿಗೇ ಬಿಟ್ಟು, ತಾವು ಹೊಸ್ತಿಲಿಗೆ ಬಂದು ಕುಳಿತರು.

ಶ್ರಾವಣದ ಅಮಾವಾಸ್ಯೆಯ ದಿನ ಪೇಟೆಯ ಬಸಲಿಂಗಮ್ಮನವರು ಗಾಡಿ ಕಟ್ಟಿಸಿಕೊಂಡು ಬಂದರು. ಗಾಡಿಯಲ್ಲಿ ಗೋಧಿ, ಬೆಲ್ಲ, ದೊಡ್ಡದೊಂದು ತಾಮ್ರದ ಹಂಡೆ. ಎದೆಯೊಳಗೆ ಮಾತ್ರ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಒಬ್ಬಳೇ ಮಗಳು ಗಿರಿಜೆ ಚೊಚ್ಚಲ ಕೂಸನ್ನು ಕಳೆದುಕೊಂಡವಳು. ಈಗ ಮತ್ತೆ ತುಂಬು ಬಸುರಿಯಾಗಿ ತವರಿಗೆ ಬಂದಿದ್ದಳು. ಅಮಾವಾಸ್ಯೆಯ ದಿನ ಹಸಿದವರಿಗೆ ಗೋಧಿ ಹುಗ್ಗಿ ಮಾಡಿ, ಕೊನೆಯ ಎಲೆಯ ತನಕ ತನ್ನ ಕೈಯಿಂದಲೇ ಬಡಿಸುತ್ತೇನೆಂದು ತಾಯಿ ಹರಕೆ ಹೊತ್ತಿದ್ದರು.

ಗುಡ್ಡದ ಮೇಲೆ ನೋಡಿದರೆ ಆಗಲೇ ಗಾಡಿಗಳ ಸಾಲು. ಅಮಾವಾಸ್ಯೆಯ ಪುಣ್ಯ ಯಾರಿಗೆ ಬೇಡ? ಒಬ್ಬರು ಹೋಳಿಗೆ ತಂದಿದ್ದರು, ಒಬ್ಬರು ಕಡುಬು. ಬಸಲಿಂಗಮ್ಮನವರ ಪಕ್ಕದ ಮನೆಯ ರುದ್ರಾಣೆವ್ವನವರು ಬುಟ್ಟಿಗಟ್ಟಲೆ ಬೂಂದಿ ಲಾಡು ತಂದಿದ್ದರು.

“ತಡ ಆತಲ್ಲ ಬಸಲಿಂಗವ್ವ,” ಎಂದರು ರುದ್ರಾಣೆವ್ವ ನಗುತ್ತ. “ತುಂಬಿದ ಹೊಟ್ಟ್ಯಾಗ ಇನ್ನ ನಿನ್ನ ಹುಗ್ಗಿ ಎಲ್ಲಿ ಹಿಡಿಸ್ತಿ?”

ಅದು ನಿಜವೇ ಆಗಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದವು. ಗೋಡೆಯ ಮಗ್ಗುಲಲ್ಲಿ ಒಂದು ವಾಂತಿ ಮಾಡುತ್ತಿತ್ತು. ಬಸಲಿಂಗಮ್ಮನವರು ಒಲೆಯ ಕಡೆ ನಡೆದಾಗ ಅಪ್ಪನವರು ತಡೆದರು.

“ಇವತ್ತ ಒಲಿ ಹಚ್ಚಬ್ಯಾಡ್ರಿ ತಾಯಿ. ಇಲ್ಲಿ ಹಸಿವಿ ಇಲ್ಲ.”

“ಅಪ್ಪಾರ, ಹರಕಿ ಅಮಾಸಿದು. ಇವತ್ತ ತಪ್ಪಿದ್ರ ನನ್ನ ಮಗಳು...”

“ಹರಕಿ ಹಸಿದವರಿಗಲ್ಲೇನ್ರಿ? ಅವರು ಬರೋತನಕ ಕಾಯ್ರಿ.”

ಕಾಯುವುದಾದರೂ ಹೇಗೆ? ಹರಕೆಗೆಂದು ಹೊಸ್ತಿಲು ದಾಟಿಸಿದ ಕಾಳು ಮನೆಗೆ ಮರಳಬಾರದೆಂಬುದು ಅವರ ಮನೆತನದ ಕಟ್ಟು. ಹಾಗಾಗಿ ಚೀಲಗಳನ್ನು ಇಳಿಸಿಕೊಂಡು ಅಲ್ಲೇ ಉಳಿದರು. ಮಗಳಿಗೆ ಏನಾದರೂ ಆದರೆ ಓಡಿ ಬಾ ಎಂದು ಗಾಡಿಯ ಹುಲಿಗೆಪ್ಪನನ್ನು ಮನೆಗೆ ಕಳಿಸಿದರು. ‘ವಿರಕ್ತರಿಗೆ ಹೆತ್ತ ಕರುಳಿನ ಸಂಕಟ ಏನು ತಿಳಿದೀತು?’ ಎಂದು ಮನಸ್ಸಿನಲ್ಲೇ ಕಹಿಯಾದರು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದರು.

ಮರುದಿನ ಪಾಡ್ಯ. ಉಳಿದದ್ದನ್ನೇ ಎಲ್ಲರೂ ಉಂಡರು. ಮಧ್ಯಾಹ್ನದ ಹೊತ್ತಿಗೆ ಕಡುಬು ಹಳಸಿ ನೂಲು ಬಿಟ್ಟವು, ಲಾಡುಗಳಿಗೆ ಇರುವೆ ಮುತ್ತಿದವು. ಅಡುಗೆ ನೋಡಿಕೊಳ್ಳುತ್ತಿದ್ದ ಕಾಶವ್ವ ಹಳಸಿದ್ದನ್ನೆಲ್ಲ ದನಗಳ ಮುಂದೆ ಸುರಿದು ಬಂದಳು.

“ನಾಳಿಗೆ ಏನವ್ವ?” ಎಂದು ಬಸಲಿಂಗಮ್ಮನವರು ಕೇಳಿದರು.

“ನಾಳೆ ಬಿದಿಗಿ. ಬಿದಿಗಿಗೆ ಯಾರ ಬರ್ತಾರ್ರೀ ಅಮ್ಮಾರ? ಸೋಮವಾರ ಬರಬೇಕು, ಇಲ್ಲಾ ಹುಣ್ಣಿವಿ. ಏನ್ ಮಾಡೂದು, ನಮ್ಮ ಹೊಟ್ಟಿಗೆ ಪಂಚಾಂಗ ಓದಾಕ ಬರೂದಿಲ್ಲ.”

ಬಿದಿಗೆಯ ಬೆಳಗು ಹರಿಯಿತು. ಗುಡ್ಡದ ದಾರಿ ಬರಿದೋ ಬರಿದು. ಮಕ್ಕಳು ಆಡಲಿಲ್ಲ. ದೂರದಲ್ಲಿ ಧೂಳೆದ್ದಾಗ ಎದ್ದು ನಿಲ್ಲುವುದು, ಅದು ಬೇರೆ ಕಡೆ ಹೊರಳಿದಾಗ ಮತ್ತೆ ಕೂರುವುದು. ಬಾಣಂತಿಯ ಕೂಸು ಮೊಲೆ ಹಿಡಿದು, ಬಿಟ್ಟು, ಚೀರುತ್ತಿತ್ತು.

“ಹಾಲ ಇಳಿವಲ್ದ್ರಿ ಅಮ್ಮಾರ,” ಎಂದಳು ಆಕೆ, ತನ್ನದೇ ತಪ್ಪು ಎಂಬಂತೆ.

ಬಸಲಿಂಗಮ್ಮನವರಿಗೆ ಅಲ್ಲಿ ಗಿರಿಜೆಯೇ ಕುಳಿತಂತೆ ಕಂಡಿತು. ಹೊಸ್ತಿಲಿಗೆ ಧಾವಿಸಿದರು. ಅಪ್ಪನವರ ತುಟಿ ಒಣಗಿತ್ತು. ಒಲೆ ಹೊತ್ತದ ದಿನ ಅವರು ಏನನ್ನೂ ಸೇವಿಸುತ್ತಿರಲಿಲ್ಲವೆಂಬುದು ಆಗ ತಿಳಿಯಿತು.

“ಅಪ್ಪಾರ, ಈಗ ಹಚ್ಚಲೇನ್ರಿ?”

“ಈಗ ಹಚ್ರಿ ತಾಯಿ.”

ಹುಗ್ಗಿ ಮಾಡಲು ಅವರಿಗೆ ಕೈ ಬರಲಿಲ್ಲ. ಒಂದೇ ದಿನಕ್ಕೆ ಎಲ್ಲ ಮುಗಿದರೆ ನಾಳಿನ ಗತಿಯೇನು? ಗೋಧಿಯನ್ನು ಬೀಸುಕಲ್ಲಿನಲ್ಲಿ ನುಚ್ಚು ಒಡೆದು, ಬೆಲ್ಲ ಹಾಕಿ ಗಂಜಿ ಕಾಸಿದರು. ಮೊದಲ ಬಟ್ಟಲು ಬಾಣಂತಿಗೆ ಕೊಟ್ಟು, ಸಾಲಿಗೆ ಬಡಿಸತೊಡಗಿದರು.

ಸಾಲು ಅರ್ಧ ಮುಗಿದಿರಬೇಕು, ಹುಲಿಗೆಪ್ಪನ ಗಾಡಿ ದಡಬಡನೆ ಬಂತು. ಅದರಲ್ಲಿ ರುದ್ರಾಣೆವ್ವನವರೂ ಇದ್ದರು. ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ.

“ಬೆಳಗಿನಿಂದ ಬ್ಯಾನಿ ತಿನ್ನಾಕತ್ತಾಳ ಗಿರಿಜಿ. ಸೂಲಗಿತ್ತಿ ಮಾತಾಡವಲ್ಲಳು. ನಿನ್ನ ಕರಿಯಾಕತ್ತಾಳ, ಬಾ.”

ಬಸಲಿಂಗಮ್ಮನವರು ಬಡಿಸುವುದನ್ನು ನಿಲ್ಲಿಸಿದರು. ಹೋದರೆ ಹರಕೆ ಮುರಿಯುತ್ತದೆ. ಅಮಾವಾಸ್ಯೆ ತಪ್ಪಿದ್ದಾಯಿತು, ಹುಗ್ಗಿ ಹೋಗಿ ಗಂಜಿಯಾಯಿತು, ಇನ್ನು ಉಳಿದದ್ದು ತನ್ನ ಕೈಯೊಂದೇ. ಹೋಗದಿದ್ದರೆ ಮಗಳು. ಸೌಟು ಹಿಡಿದೇ ಅಪ್ಪನವರತ್ತ ನೋಡಿದರು.

“ಹಸಿದವರು ಸೌಟು ನೋಡ್ತಾರ ತಾಯಿ, ಕೈ ನೋಡೂದಿಲ್ಲ,” ಎಂದರು ಅಪ್ಪನವರು.

ಬಸಲಿಂಗಮ್ಮನವರು ಸೌಟನ್ನು ರುದ್ರಾಣೆವ್ವನವರ ಮುಂದೆ ಚಾಚಿದರು. “ಉಳಿದ ಸಾಲು ನಿಮ್ಮದು ಅಕ್ಕಾರ.” ಹೋಳಿಗೆಗೆ ಹೋಳಿಗೆ, ಲಾಡಿಗೆ ಹುಗ್ಗಿ ಎಂದು ವರ್ಷಗಟ್ಟಲೆ ಪೈಪೋಟಿ ನಡೆಸಿದ್ದ ನೆರೆಮನೆಯಾಕೆ ಗಂಜಿಯನ್ನು ನೋಡಿದರು, ಬಟ್ಟಲು ಹಿಡಿದು ಕುಳಿತ ಮಕ್ಕಳನ್ನು ನೋಡಿದರು. ಸೆರಗು ಸಿಕ್ಕಿಸಿಕೊಂಡರು.

“ನಿಂತು ಏನ್ ನೋಡ್ತಿ? ಗಾಡಿ ಹತ್ತು.”

ಆ ದಾರಿ ಹೇಗೆ ಸವೆಯಿತೋ ಶಿವನೇ ಬಲ್ಲ. ಮನೆಯಲ್ಲಿ ಹೆರಿಗೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಮಗಳ ನರಳಾಟ ಕೇಳುತ್ತಿತ್ತು, ಆಮೇಲೆ ಅದೂ ಕೇಳಿಸಲಿಲ್ಲ. ಬಸಲಿಂಗಮ್ಮನವರು ಬಾಗಿಲಿಗೆ ಅಂಗೈ ಊರಿ ನಿಂತರು. ಬೇಡಿಕೊಳ್ಳಲು ಹೋದರೆ ಬಾಯಿಗೆ ಯಾವ ಹರಕೆಯೂ ಬರಲಿಲ್ಲ. ಗುಡ್ಡದ ಮೇಲಿನ ಆ ಕೂಸಿಗೆ ಹಾಲು ಇಳಿಯಿತೋ ಇಲ್ಲವೋ ಎಂಬುದೇ ಬಂತು. ಎಷ್ಟೋ ಹೊತ್ತಿನ ಮೇಲೆ ಒಳಗಿಂದ ಎಳೆಯ ಅಳು ಕೇಳಿಸಿತು. ಗಿರಿಜೆ ಕ್ಷೇಮವಾಗಿದ್ದಳು. ಹೆಣ್ಣು ಕೂಸು. ಅಂಗೈಯಗಲ ಇದ್ದರೂ ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು.

ಅತ್ತ ರುದ್ರಾಣೆವ್ವನವರು ಗುಡ್ಡ ಇಳಿದವರೇ ಮನೆಮನೆಯ ಬಾಗಿಲು ಬಡಿದರು. “ಅಮಾಸಿ, ಹುಣ್ಣಿವಿ ಯಾರೂ ಕೇಳಬ್ಯಾಡ್ರಿ. ಅವನ್ನ ನಮ್ಮ ಬೀಗರಿಗೆ ಇಟ್ಟೇನಿ. ಉಳಿದ ದಿನದಾಗ ನಿಮ್ಮದು ಯಾವುದು, ಹೇಳ್ರಿ.” ಜನ ನಕ್ಕರು, ನಕ್ಕು ಒಪ್ಪಿದರು. ಕಾಳಿದ್ದವರು ಕಾಳು ಕೊಟ್ಟರು, ಇಲ್ಲದವರು ಕಟ್ಟಿಗೆ ಹೊತ್ತರು, ಅದೂ ಆಗದವರು ಹಂಡೆ ತಿಕ್ಕಲು ಬಂದರು. ಮಗ್ಗದ ಕುಣಿ ಒಣಗಿ ಲಾಳಿ ಆಡುವ ತನಕ ಗುಡ್ಡದ ಒಲೆ ತಣ್ಣಗಾಗಲಿಲ್ಲ.

ಮೊಮ್ಮಗಳ ಹೆಸರಿಡುವ ದಿನ ಬಂದ ಹಿರಿಯರು ಬಸಲಿಂಗಮ್ಮನವರಿಗೆ ಬುದ್ಧಿ ಹೇಳಿದರು: “ಹರಕಿ ಅರ್ಧಕ್ಕ ನಿಂತೈತಿ. ಬರೂ ಅಮಾಸಿಗೆ ಪೂರಾ ಮಾಡವ್ವ.”

ಬಸಲಿಂಗಮ್ಮನವರು ತೊಟ್ಟಿಲು ತೂಗುತ್ತಲೇ ಹುಲಿಗೆಪ್ಪನನ್ನು ಕರೆದರು.

“ಗುಡ್ಡಕ್ಕ ಹೋಗಿ ಕಾಶವ್ವನ್ನ ಕೇಳ್ಕೊಂಡು ಬಾ. ಯಾರೂ ಇಲ್ಲದ ದಿನ ಯಾವುದು ಉಳಿದೈತಿ?”