ಗೆಂಡೆಯನ್ನೇ ವಿಚಾರಿಸಿದ ಬಾಣ

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಎಲ್ಲಾದರೂ ಎಡವಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ದ್ಯಾವಣ್ಣನ ದೋಣಿಯಲ್ಲಿ ಒಂದು ಬಾಣವಿತ್ತು. ಮೀನು ಹೊಡೆಯುವ ಬಾಣವಾದ್ದರಿಂದ ಅದರ ಬಾಲಕ್ಕೆ ದಾರ ಕಟ್ಟಿತ್ತು. ಹೊಡೆದ ಮೇಲೆ ಮೀನನ್ನು ಎಳೆದುಕೊಳ್ಳಬೇಕಲ್ಲ, ಅದಕ್ಕೆ. ಶನಿವಾರವೆಲ್ಲ ಅದು ಗುರಿ ತಪ್ಪಿತು. ಭಾನುವಾರ ಸಂಜೆ ದ್ಯಾವಣ್ಣ, "ಇದೊಂದು ಸಲವೂ ತಪ್ಪಿದರೆ ನಿನ್ನನ್ನು ಹೀರೆ ಬಳ್ಳಿಗೆ ಆಸರೆಯಾಗಿ ನೆಡುತ್ತೇನೆ" ಎಂದ.

ಮುದಿ ಬಿಲ್ಲು ಹೇಳಿತು: "ಮಗಾ, ನೀರೊಳಗಿನ ಮೀನು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ಒಂದು ಗೇಣು ಕೆಳಗೆ ಗುರಿಯಿಡು."

"ಬಿಲ್ಲಜ್ಜ, ನನ್ನ ಕಣ್ಣು ಸರಿಯಿಲ್ಲ ಅಂತೀಯಾ?" ಎಂದು ಮುನಿಸಿಕೊಂಡ ಬಾಣ, ನೀರಿನತ್ತ ಬಾಗಿ ಕೇಳಿತು: "ಗೆಂಡೆಯವರೇ, ನೀವು ಇರುವುದು ನನಗೆ ಕಾಣುವಲ್ಲೇ ತಾನೇ?"

ಬೆದರಿದ್ದ ಗೆಂಡೆ ಮೀನು ಬಾಲವನ್ನೂ ಅಲ್ಲಾಡಿಸದೆ ನುಡಿಯಿತು: "ಅಲ್ಲೇ, ಬಾಣರಾಯರೇ. ನಿಮ್ಮಂಥ ಕಣ್ಣು ಈ ಕೆರೆಯಲ್ಲಿ ಇನ್ಯಾರಿಗಿದೆ?"

ಬಾಣ ಹಿಗ್ಗಿನಿಂದ ಹಾರಿತು. ಮೀನಿನ ಬೆನ್ನ ಮೇಲೆ ಹಾದುಹೋಗಿ ಕೆಸರಿನಲ್ಲಿ ನಾಟಿಕೊಂಡಿತು. ದ್ಯಾವಣ್ಣ ದಾರ ಎಳೆದಾಗ ಮೈತುಂಬ ಪಾಚಿ ಹೊತ್ತು ಬಂತು.

"ನಾನು ಸರಿ ಅಂತ ಗೆಂಡೆಯೇ ಒಪ್ಪಿತ್ತು," ಎಂದಿತು ಬಾಣ.

"ಒಪ್ಪದೆ ಇನ್ನೇನು ಮಾಡೀತು? ಪ್ರಾಣ ಅದರದು," ಎಂದಿತು ಬಿಲ್ಲು.

ಇದರ ನೀತಿಯನ್ನು ಬಿಡಿಸಿ ಹೇಳಬೇಕೆಂದರೆ, ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವುದು ಒಳ್ಳೆಯದೇ; ಆದರೆ ಏಟು ತಿನ್ನಬೇಕಾದ ಮೀನನ್ನೇ ಹೋಗಿ... ಬಂದೆ ಅಕ್ಕಾ, ಇದೊಂದು ಸಾಲು ಮುಗಿಸಿ... ಸರಿ, ಎದ್ದೆ.