ಸೆನ್ಸರ್ ಹೇಳಿದ ಮಾತು

ಹಳೆಯ ಕಾರೊಂದರ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಗ್ಯಾರೇಜಿನ ದುಬಾರಿ ಯಂತ್ರ ದೋಷಸಂಕೇತವನ್ನು ಓದಿ, "ಹೊಗೆ ಕೊಳವೆಯ ಸೆನ್ಸರ್ ಕೆಟ್ಟಿದೆ, ಕಿತ್ತುಹಾಕಿ" ಎಂದಿತು. ಮೆಕ್ಯಾನಿಕ್ ಸ್ಪ್ಯಾನರ್ ಕೈಗೆತ್ತಿಕೊಂಡ.

ಕಾರಿನ ಒಡತಿ ಸಬೀನಾ ಇಂಥ ಸಂಕೇತಗಳನ್ನು ಓದಲೆಂದು ತಾನೇ ಒಂದು ತಂತ್ರಾಂಶ ಬರೆದು, ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದಳು. ಅವಳ ಮೊಬೈಲಿನಲ್ಲಿದ್ದ ಆ ತಂತ್ರಾಂಶಕ್ಕೆ ಕುತೂಹಲ ತಡೆಯಲಾಗಲಿಲ್ಲ. ಅದು ನೇರವಾಗಿ ಸೆನ್ಸರನ್ನೇ ಮಾತಾಡಿಸಿತು.

"ಅಣ್ಣಾ, ನಿನಗೇನಾಗಿದೆ?"

"ನನಗೇನೂ ಆಗಿಲ್ಲ ತಮ್ಮಾ. ಹೊಗೆಯಲ್ಲಿ ಗಾಳಿ ಹೆಚ್ಚಾಗಿದೆ. ಅದನ್ನು ಕೂಗಿ ಹೇಳಿದೆ, ಅಷ್ಟೆ."

"ತಪ್ಪು ಮಾಡಿದವರೆಲ್ಲ ಹೀಗೇ ಹೇಳುವುದು!" ಎಂದು ಯಂತ್ರ ನಕ್ಕಿತು.

"ಇರಲಿ, ಆ ಗಾಳಿ ಎಲ್ಲಿಂದ ನುಗ್ಗುತ್ತಿದೆಯೋ ನೋಡೋಣ" ಎಂದಿತು ತಂತ್ರಾಂಶ. ಅದು ತೋರಿಸುತ್ತಿದ್ದ ಅಂಕಿಗಳ ಮೇಲೆ ಕಣ್ಣಿಟ್ಟು ಸಬೀನಾ ಎಂಜಿನ್ನಿನ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒಂದನ್ನು ಒತ್ತಿದೊಡನೆ ಗಾಳಿಯ ಅಂಕಿ ಇಳಿಯಿತು; ಅದರ ಬುಡದಲ್ಲಿ ಬಿರುಕಿತ್ತು. ಆ ಪೈಪು ಬದಲಾಯಿತು, ದೀಪ ಆರಿತು, ಸೆನ್ಸರ್ ತನ್ನ ಜಾಗದಲ್ಲೇ ಉಳಿಯಿತು.

"ಈಗ ಸಮಾಧಾನವೇ ಅಣ್ಣಾ?" ಎಂದಿತು ತಂತ್ರಾಂಶ.

"ನನಗಿಂತ ಮುಂಚೆ ಈ ಜಾಗದಲ್ಲಿದ್ದ ಸೆನ್ಸರಣ್ಣನೂ ಗಾಳಿ ಹೆಚ್ಚಾಗಿದೆ ಎಂದೇ ಕೂಗಿದ್ದನಂತೆ" ಎಂದಿತು ಸೆನ್ಸರ್. "ಕಿತ್ತು ಎಸೆಯುವ ಮೊದಲು ಅವನನ್ನು ಯಾರೂ ಮಾತಾಡಿಸಲಿಲ್ಲ."